ನೀರು ನಿಂತ ದಿನ ಸೆಕ್ರೆಟರಿ ಏನು ಮಾಡಬೇಕು? ಕಷ್ಟಕಾಲದಲ್ಲಿ ಜನರ ನಂಬಿಕೆ ಗಳಿಸುವ ದಾರಿ

ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ಸಂಘದ ಸೆಕ್ರೆಟರಿ ಅಂದರೆ ಸಂಬಳವಿಲ್ಲದೆ ಬೈಸಿಕೊಳ್ಳುವ ಹುದ್ದೆ. ಎಲ್ಲ ಸರಿ ಇರುವಾಗ ಅವರ ಹೆಸರೂ ಯಾರಿಗೂ ಗೊತ್ತಿರುವುದಿಲ್ಲ. ನಲ್ಲಿ ತಿರುಗಿಸಿದಾಗ ಬುಸ್ ಅಂತ ಗಾಳಿ ಬಂತು ಅನ್ನಿ, ಐದೇ ನಿಮಿಷದಲ್ಲಿ ಇಡೀ ಕಟ್ಟಡಕ್ಕೆ ಅವರ ಫೋನ್ ನಂಬರ್ ಬಾಯಿಪಾಠ.

ಈ ಬರಹ ಅಂಥ ಕುರ್ಚಿಯಲ್ಲಿ ಕೂತವರಿಗೆ. ಲೇಔಟ್ ಸಂಘ ಇರಬಹುದು, ಶಾಲೆ ಇರಬಹುದು, ಮೂವತ್ತು ಜನರ ಸಣ್ಣ ಆಫೀಸೂ ಇರಬಹುದು. ನಾನು ಮಾತ್ರ ನೀರನ್ನೇ ಉದಾಹರಣೆ ಮಾಡಿಕೊಂಡಿದ್ದೇನೆ. ಈ ಊರಿನವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. 2024ರ ಬೇಸಿಗೆ ನೆನಪಿದೆ ಅಲ್ವಾ? ನಗರದ ಸುಮಾರು 14,000 ಸರ್ಕಾರಿ ಕೊಳವೆಬಾವಿಗಳಲ್ಲಿ ಹತ್ತಿರ ಹತ್ತಿರ ಅರ್ಧ ಬತ್ತಿವೆ ಎಂದು ಸರ್ಕಾರವೇ ಹೇಳಿತ್ತು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಮಾಡಿತ್ತು. ಅದೇ ವರ್ಷ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತಕ್ಕೆ ಚಾಲನೆ ಸಿಕ್ಕಿತು. ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ನೀರು ತರುವ ಯೋಜನೆ ಅದು. ಅದು ಬಂತು ಅಂತ ಪೈಪು ಒಡೆಯುವುದು, ಮೋಟರ್ ಸುಡುವುದು, ಬೋರ್ ಕೈಕೊಡುವುದು ನಿಲ್ಲುವುದಿಲ್ಲವಲ್ಲ.

ನಾನು ಹೇಳಬೇಕಾದ ವಿಷಯ ಒಂದೇ. ಕಷ್ಟಕಾಲದಲ್ಲಿ "ನಮ್ಮ ಮೇಲೆ ನಂಬಿಕೆ ಇಡಿ" ಎಂದು ಕೇಳಲೇಬೇಡಿ. ಜನ ತಾವೇ ಹೋಗಿ ನೋಡಿ, ಅಳೆದು, ಲೆಕ್ಕ ಹಾಕಿ ಸರಿಯೋ ತಪ್ಪೋ ಎಂದು ತಿಳಿಯಬಹುದಾದ ಮಾತನ್ನೇ ಆಡಿ. ನಾಲ್ಕು ಸಲ ನೋಡಿ ಸರಿ ಅನ್ನಿಸಿದರೆ ಐದನೇ ಸಲ ಅವರೇ ನೋಡುವುದನ್ನು ಬಿಡುತ್ತಾರೆ. ಮುಂದಿನ ಎಲ್ಲ ಹೆಜ್ಜೆಗಳೂ ಇದನ್ನು ಮಾಡುವ ಬಗೆಗಳು.

ಮೊದಲ ಗಂಟೆ: ಗೊತ್ತಿರುವುದು, ಗೊತ್ತಿಲ್ಲದ್ದು, ಮಾಡುತ್ತಿರುವುದು

ಪೂರ್ತಿ ವಿಷಯ ತಿಳಿದ ಮೇಲೆ ಸಂದೇಶ ಹಾಕೋಣ ಎಂದು ಕಾಯಬೇಡಿ. ನೀವು ಕಾಯುವ ಹೊತ್ತಿಗೆ ನಾಲ್ಕು ಜನ ನಾಲ್ಕು ಕಾರಣ ಹುಟ್ಟಿಸಿರುತ್ತಾರೆ. ಮೊದಲ ಗಂಟೆಯೊಳಗೆ ಇಂಥ ಒಂದು ಸಂದೇಶ ಹೋಗಬೇಕು:

"ಬೆಳಿಗ್ಗೆ 7:10. ರಾತ್ರಿ ಕಾವೇರಿ ನೀರು ಬಂದಿಲ್ಲ. ಸಂಪ್‌ನಲ್ಲಿ ಈಗ 80 ಸೆಂ.ಮೀ. ನೀರಿದೆ, ಅಂದರೆ ಸುಮಾರು 19,000 ಲೀಟರ್. ನೀರು ಯಾಕೆ ಬಂದಿಲ್ಲ, ಯಾವಾಗ ಬರುತ್ತದೆ ಎಂದು ನಮಗೆ ಇನ್ನೂ ಗೊತ್ತಿಲ್ಲ. ಜಲಮಂಡಳಿಯ 1916ಕ್ಕೆ ದೂರು ಕೊಟ್ಟಿದ್ದೇವೆ. ಎರಡು ಟ್ಯಾಂಕರ್‌ಗೆ ಹೇಳಿದ್ದೇವೆ. 9 ಗಂಟೆವರೆಗೆ ನಲ್ಲಿಯಲ್ಲಿ ನೀರು ಬರುತ್ತದೆ. ಆಮೇಲೆ ಸಂಜೆ 5ರವರೆಗೆ ಬಂದ್ ಮಾಡುತ್ತೇವೆ. ಮುಂದಿನ ಸಂದೇಶ 10 ಗಂಟೆಗೆ, ಹೊಸ ಸುದ್ದಿ ಇದ್ದರೂ ಇಲ್ಲದಿದ್ದರೂ."

ಕೊನೆಯ ಸಾಲಿನ ಮೇಲೆಯೇ ಎಲ್ಲ ನಿಂತಿದೆ. ನೀರು ತರಿಸುವುದು ನಿಮ್ಮ ಕೈಯಲ್ಲಿಲ್ಲ. ಹತ್ತು ಗಂಟೆಗೆ ಸಂದೇಶ ಹಾಕುವುದು ಪೂರ್ತಿ ನಿಮ್ಮ ಕೈಯಲ್ಲೇ ಇದೆ. ಹತ್ತಕ್ಕೆ ಏನೂ ಗೊತ್ತಾಗದಿದ್ದರೆ ಹಾಗೇ ಬರೆಯಿರಿ: "10 ಗಂಟೆ. ಹೊಸ ಸುದ್ದಿ ಇಲ್ಲ. ಟ್ಯಾಂಕರ್ ಹೊರಟಿದೆ ಎಂದು ಡ್ರೈವರ್ ಹೇಳುತ್ತಿದ್ದಾರೆ, ನಾವಿನ್ನೂ ನೋಡಿಲ್ಲ. ಮುಂದಿನ ಸಂದೇಶ 12ಕ್ಕೆ." ಕಣ್ಣಾರೆ ನೋಡಿದ್ದು ಯಾವುದು, ಯಾರೋ ಹೇಳಿದ್ದು ಯಾವುದು ಎಂದು ಹೀಗೆ ಬೇರೆ ಬೇರೆ ಮಾಡಿ ಹೇಳಿ. ಟ್ಯಾಂಕರ್ ಬಾರದೆ ಹೋದರೂ ನಿಮ್ಮ ಮಾತು ಸುಳ್ಳಾಗುವುದಿಲ್ಲ.

"ಅನಿವಾರ್ಯ ಕಾರಣಗಳಿಂದ", "ಆದಷ್ಟು ಬೇಗ", "ದಯವಿಟ್ಟು ಸಹಕರಿಸಿ" ಈ ಮೂರನ್ನು ಮೊದಲೇ ತೆಗೆದುಹಾಕಿ. ಇವನ್ನು ಓದಿದ ಕೂಡಲೇ ಬೆಂಗಳೂರಿನ ಯಾವ ಗೃಹಿಣಿಯಾದರೂ ಇದ್ದಬದ್ದ ಡ್ರಮ್ ತುಂಬಿಸಿಕೊಳ್ಳಲು ಓಡುತ್ತಾರೆ. ಎಲ್ಲರೂ ಹಾಗೆ ತುಂಬಿಸಿಕೊಂಡರೆ ಸಂಪ್ ಅರ್ಧ ಗಂಟೆಯಲ್ಲಿ ಖಾಲಿ.

"ಸಂಜೆಗೆ ಬಂದುಬಿಡುತ್ತೆ" ಎಂದು ಧೈರ್ಯ ತುಂಬುವ ಆಸೆಯೂ ಬೇಡ. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ ಬರಬೇಕು. ಮಳವಳ್ಳಿ ತಾಲ್ಲೂಕಿನ ಟಿ.ಕೆ. ಹಳ್ಳಿ, ಆಮೇಲೆ ಹಾರೋಹಳ್ಳಿ, ಆಮೇಲೆ ತಾತಗುಣಿ, ಹೀಗೆ ಮೂರು ಕಡೆ ಪಂಪ್ ಮಾಡಿ ಸುಮಾರು 500 ಮೀಟರ್ ಎತ್ತರಕ್ಕೆ ಏರಿಸುತ್ತಾರೆ. ಒಂದು ಕಡೆ ನಿಂತರೆ ಸಾಕು. ಪಂಪ್ ಮತ್ತೆ ಶುರುವಾದರೂ ಪೈಪ್‌ಲೈನ್ ತುಂಬಿ, ಬಡಾವಣೆಯ ಟ್ಯಾಂಕ್ ತುಂಬಿ, ಕೊನೆಯ ಮನೆಗೆ ನೀರು ಮುಟ್ಟುವ ಹೊತ್ತಿಗೆ ಇನ್ನಷ್ಟು ಹೊತ್ತು ಹಿಡಿಯುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಟಿ.ಕೆ. ಹಳ್ಳಿಯ ಪಂಪ್‌ಹೌಸ್‌ಗೇ ಮಳೆನೀರು ನುಗ್ಗಿತ್ತು. ಸರ್ಜಾಪುರ ರಸ್ತೆಯ ಕಡೆ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋಗುತ್ತಿದ್ದರು, ಅದೇ ದಿನಗಳಲ್ಲಿ ಊರಿನ ಎಷ್ಟೋ ನಲ್ಲಿಗಳಲ್ಲಿ ನೀರಿರಲಿಲ್ಲ. ಇಂಥ ವಿಷಯವನ್ನು ಎರಡು ಸಾಲಿನಲ್ಲಿ ನಿವಾಸಿಗಳಿಗೆ ತಿಳಿಸಿಬಿಟ್ಟರೆ ಅರ್ಧ ಸಿಟ್ಟು ಇಳಿಯುತ್ತದೆ. ಕಾರಣ ಗೊತ್ತಿದ್ದರೆ ಜನ ಕಾಯುತ್ತಾರೆ.

ಭಾಷೆಯ ವಿಷಯ. ನಮ್ಮಲ್ಲಿ ಒಂದೇ ಲಿಫ್ಟ್‌ನಲ್ಲಿ ಐದು ಭಾಷೆ ಓಡಾಡುತ್ತವೆ. ಕನ್ನಡ, ಇಂಗ್ಲಿಷ್‌ನಲ್ಲಿ ಬರೆದು ಹಾಕಿ. ಹಿಂದಿ, ತಮಿಳು, ತೆಲುಗಿನಲ್ಲಿ ಅರ್ಧ ನಿಮಿಷದ ವಾಯ್ಸ್ ಮೆಸೇಜ್ ಸಾಕು, ಪಕ್ಕದ ಮನೆಯವರೇ ಮಾಡಿಕೊಡುತ್ತಾರೆ. ಲಿಫ್ಟ್ ಒಳಗೆ ಒಂದು ಚೀಟಿ ಅಂಟಿಸಿ. ಒಬ್ಬರೇ ಇರುವ ಹಿರಿಯರ ಬಾಗಿಲನ್ನು ಯಾರಾದರೂ ತಟ್ಟಿ ಹೇಳಲಿ. ಈ ಕೆಲಸಕ್ಕೆ ಎಂಟನೇ, ಒಂಬತ್ತನೇ ಕ್ಲಾಸಿನ ಮಕ್ಕಳಷ್ಟು ಚುರುಕಾದವರು ಇನ್ನೊಬ್ಬರಿಲ್ಲ.

ಕೋಲು ಇಟ್ಟು ಅಳೆಯಿರಿ

ನೀರಿನ ಕಷ್ಟ ಬಂದಾಗ ಜಗಳ ನೀರಿನ ಮೇಲೆ ಶುರುವಾಗಿ ದುಡ್ಡಿನ ಮೇಲೆ ಮುಗಿಯುತ್ತದೆ. ಟ್ಯಾಂಕರ್‌ನವನ ಹತ್ತಿರ ಕಮಿಟಿಯವರು ಕಮಿಷನ್ ತಿಂದರು ಎಂಬ ಮಾತು ಬಾರದ ಅಪಾರ್ಟ್‌ಮೆಂಟ್ ಈ ಊರಿನಲ್ಲಿ ಇರಲಿಕ್ಕಿಲ್ಲ. ಈ ಮಾತಿಗೆ ಸಿಟ್ಟಾಗಿ ಪ್ರಯೋಜನವಿಲ್ಲ. ಮದ್ದು ಇದೆ, ಒಂದು ಉದ್ದನೆಯ ಕೋಲು.

ನಿಮ್ಮ ಸಂಪ್‌ನ ಉದ್ದ ಅಗಲ ಅಳೆದುಕೊಳ್ಳಿ. ಉದಾಹರಣೆಗೆ 6 ಮೀಟರ್ ಉದ್ದ, 4 ಮೀಟರ್ ಅಗಲ ಅಂದುಕೊಳ್ಳೋಣ. ಆಗ ಪ್ರತಿ 10 ಸೆಂ.ಮೀ. ನೀರು ಅಂದರೆ 2,400 ಲೀಟರ್. ಕೋಲಿನ ಮೇಲೆ ಪೇಂಟ್‌ನಲ್ಲಿ ಗೆರೆ ಎಳೆದು ಪಕ್ಕದಲ್ಲಿ ಲೀಟರ್ ಬರೆದುಬಿಡಿ. 12,000 ಲೀಟರ್ ಟ್ಯಾಂಕರ್ ಖಾಲಿಯಾದ ಮೇಲೆ ನೀರು ಸರಿಯಾಗಿ 50 ಸೆಂ.ಮೀ. ಏರಬೇಕು. 40 ಸೆಂ.ಮೀ. ಏರಿದರೆ ಬಂದದ್ದು 9,600 ಲೀಟರ್. ಉಳಿದದ್ದಕ್ಕೆ ನೀವು ಸುಮ್ನೆ ದುಡ್ಡು ಕೊಡುತ್ತಿದ್ದೀರಿ. ಅಳೆಯುವಾಗ ಮೇಲಕ್ಕೆ ನೀರು ಏರಿಸುವ ಮೋಟರ್ ಆಫ್ ಇರಬೇಕು, ಬೋರ್ ನೀರೂ ಸಂಪ್‌ಗೆ ಬೀಳುತ್ತಿರಬಾರದು. ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ, ಟ್ಯಾಂಕರ್‌ನವನ ಮೇಲೆ ಸುಳ್ಳೇ ಆರೋಪ ಹೊರಿಸಿದಂತಾಗುತ್ತದೆ.

ಪ್ರತಿ ಟ್ಯಾಂಕರ್‌ಗೂ ಮುಂಚೆ ಒಂದು ಫೋಟೋ, ಆಮೇಲೆ ಒಂದು ಫೋಟೋ. ಜೊತೆಗೆ ಗಾಡಿ ನಂಬರ್, ಹೊತ್ತು, ಕೊಟ್ಟ ಹಣ, ಅಳೆದವರ ಹೆಸರು. ಒಂದು ರಿಜಿಸ್ಟರ್ ಪುಸ್ತಕ ಸೆಕ್ಯುರಿಟಿ ಕ್ಯಾಬಿನ್‌ನಲ್ಲಿ ಯಾರು ಬೇಕಾದರೂ ತೆಗೆದು ನೋಡುವಂತೆ ಇರಲಿ. ರಾತ್ರಿ ಆ ಪುಟದ ಫೋಟೋ ಗ್ರೂಪ್‌ಗೆ ಹೋಗಲಿ. ದರದ ವಿಷಯದಲ್ಲೂ ಹಾಗೇ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಿಲ್ಲಾಡಳಿತ ಖಾಸಗಿ ಟ್ಯಾಂಕರ್‌ಗಳಿಗೆ ದರ ಕಟ್ಟಿತ್ತು. 12,000 ಲೀಟರ್‌ಗೆ 5 ಕಿ.ಮೀ. ಒಳಗಾದರೆ 1,000 ರೂಪಾಯಿ, 10 ಕಿ.ಮೀ. ಒಳಗಾದರೆ 1,200. ಆ ದರಕ್ಕೆ ಎಷ್ಟು ಟ್ಯಾಂಕರ್ ಬಂದವು ಎಂದು ಕೇಳಬೇಡಿ. ಮುಖ್ಯ ವಿಷಯ ಏನೆಂದರೆ, ನೀವು ಜಾಸ್ತಿ ಕೊಟ್ಟು ತರಿಸಿದ್ದರೆ ಜಾಸ್ತಿ ಕೊಟ್ಟಿದ್ದೇವೆ ಎಂದು ನೀವೇ ಮೊದಲು ಬರೆಯಬೇಕು. ಯಾರನ್ನೆಲ್ಲ ವಿಚಾರಿಸಿದಿರಿ, ಅವರು ಎಷ್ಟು ಹೇಳಿದರು ಎನ್ನುವುದೂ ಬರಲಿ. ಬೇರೆಯವರು ಕಂಡುಹಿಡಿದರೆ ಅದು ಹಗರಣ, ನೀವು ಹೇಳಿದರೆ ಬರೀ ಖರ್ಚು.

ಇನ್ನೊಂದು ಲೆಕ್ಕವನ್ನೂ ಎಲ್ಲರ ಮುಂದಿಡಿ. ನಗರಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಬೇಕು ಎಂದು ಯೋಜನೆ ಮಾಡುವವರು ಲೆಕ್ಕ ಹಿಡಿಯುತ್ತಾರೆ. ನೂರು ಮನೆ, 350 ಜನ ಇದ್ದರೆ ದಿನಕ್ಕೆ 47,250 ಲೀಟರ್. ಹೆಚ್ಚುಕಡಿಮೆ ನಾಲ್ಕು ದೊಡ್ಡ ಟ್ಯಾಂಕರ್. ಎರಡೇ ಬಂದರೆ ತಲೆಗೆ 68 ಲೀಟರ್ ಸಿಗುತ್ತದೆ. ಅಂದರೆ 15 ಲೀಟರ್‌ನ ನಾಲ್ಕೂವರೆ ಬಕೆಟ್. "ನೀರು ಮಿತವಾಗಿ ಬಳಸಿ" ಎಂದರೆ ಯಾರೂ ಹಾಗೆ ಬಳಸುವುದಿಲ್ಲ. "ಇವತ್ತು ನಿಮ್ಮ ಪಾಲು ತಲೆಗೆ ನಾಲ್ಕೂವರೆ ಬಕೆಟ್, ಅದರಲ್ಲೇ ಸ್ನಾನ, ಪಾತ್ರೆ, ಶೌಚ ಎಲ್ಲ" ಎಂದರೆ ಮನೆಯಲ್ಲಿ ಕೂತು ಲೆಕ್ಕ ಹಾಕುತ್ತಾರೆ. ವಾಷಿಂಗ್ ಮಷಿನ್ ತಾನಾಗಿ ನಿಲ್ಲುತ್ತದೆ.

ಹಂಚುವಾಗ ನಿಮ್ಮ ಮನೆಯೂ ಸಾಲಿನಲ್ಲಿ ಇರಲಿ

ತಲೆ ಲೆಕ್ಕದಲ್ಲಿ ಹಂಚಬೇಕೋ, ಮನೆ ಲೆಕ್ಕದಲ್ಲಿ ಹಂಚಬೇಕೋ? ಮನೆ ಲೆಕ್ಕ ಸುಲಭ, ವಾಲ್ವ್ ತಿರುಗಿಸಿದರೆ ಮುಗಿಯಿತು. ಆದರೆ ಒಬ್ಬರೇ ಇರುವ ಮನೆಗೂ ಆರು ಜನರ ಮನೆಗೂ ಒಂದೇ ಅಂದರೆ ಆರು ಜನರ ಮನೆಯವರು ಸುಮ್ಮನಿರುವುದಿಲ್ಲ, ಇರಬೇಕಾಗಿಯೂ ಇಲ್ಲ. ಮೊದಲ ಎರಡು ದಿನ ಮನೆ ಲೆಕ್ಕದಲ್ಲಿ ನಡೆಸಿ, ಮೂರನೇ ದಿನದಿಂದ ತಲೆ ಲೆಕ್ಕಕ್ಕೆ ಬನ್ನಿ ಎಂಬುದು ನನ್ನ ಅಭಿಪ್ರಾಯ. ಬಾಣಂತಿ, ಹಾಸಿಗೆ ಹಿಡಿದವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು ಇರುವ ಮನೆಗೆ ಮೊದಲ ದಿನದಿಂದಲೇ ಎರಡು ಬಕೆಟ್ ಜಾಸ್ತಿ ಕೊಡಿ. ಹಾಗೆ ಕೊಡುತ್ತಿದ್ದೇವೆ ಎಂದು ಎಲ್ಲರಿಗೂ ಹೇಳಿ. ಯಾವ ಮನೆ ಎಂದು ಹೇಳಬೇಡಿ.

ಮೇಲಿನ ಮಹಡಿಗೆ ಒತ್ತಡ ಕಡಿಮೆ. ಕೆಳಗಿನವರ ಬಕೆಟ್ ತುಂಬುವಷ್ಟರಲ್ಲಿ ಮೇಲಿನವರದ್ದು ಅರ್ಧವೂ ಆಗಿರುವುದಿಲ್ಲ. ಆದ್ದರಿಂದ ಮೇಲಿನ ಮಹಡಿಗಳ ವಾಲ್ವ್ ಸ್ವಲ್ಪ ಜಾಸ್ತಿ ಹೊತ್ತು ತೆರೆದಿರಬೇಕು. ನೀವು ಯಾವ ಮಹಡಿಯಲ್ಲಿ ಇದ್ದೀರಿ ಎನ್ನುವುದು ಇಲ್ಲಿ ಮುಖ್ಯವಾಗುತ್ತದೆ. ಸೆಕ್ರೆಟರಿ ಮೇಲಿದ್ದರೆ ಕೆಳಗಿನವರಿಗೆ ಅನುಮಾನ, ಕೆಳಗಿದ್ದರೆ ಮೇಲಿನವರಿಗೆ. ಯಾವ ಸಾಲಿನ ವಾಲ್ವ್ ಎಷ್ಟು ನಿಮಿಷ ತೆರೆದಿತ್ತು ಎನ್ನುವುದೂ ಅದೇ ರಿಜಿಸ್ಟರ್‌ನಲ್ಲಿ ಬರಲಿ. ನಿಮ್ಮ ಸಾಲಿನದ್ದನ್ನು ನೀವು ತೆರೆಯಬೇಡಿ, ಮುಚ್ಚಲೂ ಬೇಡಿ. ಬೇರೆಯವರು ಮಾಡಲಿ.

ನಿಮ್ಮ ಮನೆಗೆ ಬಿಸ್ಲೇರಿ ಕ್ಯಾನ್ ಎರಡು ಜಾಸ್ತಿ ಬಂದರೂ ಜನ ನೋಡುತ್ತಾರೆ. ಕಾರು ತೊಳೆದದ್ದನ್ನಂತೂ ನೋಡಿಯೇ ನೋಡುತ್ತಾರೆ. ಆ ದಿನಗಳಲ್ಲಿ ಧೂಳು ಹಿಡಿದ ಕಾರೇ ನಿಮಗೆ ಒಳ್ಳೆಯದು.

ಜಗಳ ಆಡುವವರ ಕೈಗೆ ಕೋಲು ಕೊಡಿ

ಪ್ರತಿ ಸಂಘದಲ್ಲೂ ಒಬ್ಬರು ಇರುತ್ತಾರೆ. ನಿವೃತ್ತರು, ಲೆಕ್ಕದಲ್ಲಿ ಗಟ್ಟಿ, ಸಭೆಯಲ್ಲಿ ಮೂರನೇ ಸಾಲಿನಲ್ಲಿ ಕೂತು ಎಲ್ಲಕ್ಕೂ ಆಕ್ಷೇಪ ಎತ್ತುವವರು. ಕಮಿಟಿಯವರು ಅವರನ್ನು ಕಂಡರೆ ಮೆಟ್ಟಿಲು ಹಿಡಿಯುತ್ತಾರೆ. ಕಷ್ಟಕಾಲದಲ್ಲಿ ನಿಮಗೆ ಎಲ್ಲರಿಗಿಂತ ಜಾಸ್ತಿ ಉಪಯೋಗಕ್ಕೆ ಬರುವವರು ಅವರೇ.

"ಏನು ಮೇಡಂ, ಟ್ಯಾಂಕರ್‌ನವನು ನಿಮಗೆ ಬೇಕಾದವನಂತೆ?"

"ಅಲ್ಲ ಸರ್. ಆದರೆ ನಾನು ಅಲ್ಲ ಅಂದ ಮಾತ್ರಕ್ಕೆ ನೀವು ಯಾಕೆ ಒಪ್ಪಬೇಕು? ನಾಳೆ ಬೆಳಿಗ್ಗೆ ಆರಕ್ಕೆ ಟ್ಯಾಂಕರ್ ಬರುತ್ತೆ. ಕೋಲು ನೀವೇ ಹಿಡಿಯಿರಿ. ನೀವು ಸಹಿ ಹಾಕದೆ ಬಿಲ್ ಕೊಡಲ್ಲ."

"ಆರಕ್ಕಾ? ನಾನು ಲಾಲ್‌ಬಾಗ್‌ಗೆ ವಾಕಿಂಗ್ ಹೋಗ್ತೀನಲ್ಲ."

"ನಾಲ್ಕು ದಿನ ಇಲ್ಲೇ ಓಡಾಡಿ ಸರ್. ಕಾಫಿ ನಮ್ಮ ಮನೆಯಲ್ಲಿ."

ಇಂಥವರನ್ನು ತೋರಿಕೆಗೆ ಕೂರಿಸಬಾರದು. ಅವರು ನೀರು ಕಡಿಮೆ ಬಂದಿದೆ ಅಂದರೆ ಬಿಲ್‌ನಲ್ಲಿ ಅಷ್ಟು ಕಡಿತ ಆಗಬೇಕು. ಒಂದು ಸಲ ಹಾಗೆ ಕಡಿತವಾದರೆ ಅವರು ಆ ಸಂಜೆಯೇ ಹತ್ತು ಮನೆಯಲ್ಲಿ ಹೇಳಿ ಬರುತ್ತಾರೆ. ನಿಮ್ಮ ಪರ ನೀವು ನೂರು ಸಂದೇಶ ಹಾಕಿದರೂ ಅಷ್ಟು ಕೆಲಸ ಆಗುವುದಿಲ್ಲ.

ವಾಟ್ಸ್‌ಆ್ಯಪ್ ಗ್ರೂಪ್

ಎರಡು ಗ್ರೂಪ್ ಇರಲಿ. ಒಂದರಲ್ಲಿ ಕಮಿಟಿಯ ಒಬ್ಬರೇ ಬರೆಯಬೇಕು, ಉಳಿದವರು ಓದಬೇಕು. ಇನ್ನೊಂದರಲ್ಲಿ ಯಾರು ಏನು ಬೇಕಾದರೂ ಬೈಯಲಿ. ಎರಡನೆಯದನ್ನು ಮುಚ್ಚಬೇಡಿ, ಬಂದ ಬೈಗುಳ ಅಳಿಸಬೇಡಿ. ಅಲ್ಲಿ ಬಂದ ಪ್ರಶ್ನೆಗಳಿಗೆ ದಿನಕ್ಕೆ ಎರಡು ಸಲ ಮೊದಲ ಗ್ರೂಪ್‌ನಲ್ಲಿ ಉತ್ತರ ಕೊಡಿ. ರಾತ್ರಿ ಹನ್ನೊಂದರ ಮೇಲೆ ಯಾರಿಗೂ ಉತ್ತರಿಸಬೇಡಿ, ಆ ಹೊತ್ತಿನ ಉತ್ತರ ಯಾವತ್ತೂ ಸರಿ ಬರುವುದಿಲ್ಲ.

ಗಾಳಿಸುದ್ದಿ ಎದ್ದಾಗ

2012ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿದ್ದವರಿಗೆ ಇದು ಮರೆತಿರಲಿಕ್ಕಿಲ್ಲ. ಅಸ್ಸಾಂನ ಗಲಭೆಗೆ ಇಲ್ಲಿ ಸೇಡು ತೀರಿಸಿಕೊಳ್ಳುತ್ತಾರೆ ಎಂಬ ಸುದ್ದಿ ಎಸ್‌ಎಂಎಸ್‌ಗಳಲ್ಲಿ ಹಬ್ಬಿತು. ಈಶಾನ್ಯ ರಾಜ್ಯಗಳ ಸಾವಿರಾರು ಜನ, ವಿದ್ಯಾರ್ಥಿಗಳು, ಸೆಕ್ಯುರಿಟಿ ಗಾರ್ಡ್‌ಗಳು, ಬ್ಯೂಟಿ ಪಾರ್ಲರ್, ಹೋಟೆಲ್ ಕೆಲಸದವರು, ಮೆಜೆಸ್ಟಿಕ್‌ನ ರೈಲು ನಿಲ್ದಾಣಕ್ಕೆ ಓಡಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಆಗಿನ ಗೃಹ ಸಚಿವ ಆರ್. ಅಶೋಕ ಅವರೇ ನಿಲ್ದಾಣಕ್ಕೆ ಹೋಗಿ, ಏನೂ ಆಗುವುದಿಲ್ಲ, ಹೋಗಬೇಡಿ ಎಂದು ಕೇಳಿಕೊಂಡರು. ಕೇಂದ್ರ ಸರ್ಕಾರ ಒಟ್ಟಾಗಿ ಕಳಿಸುವ ಎಸ್‌ಎಂಎಸ್‌ಗಳನ್ನು ದಿನಕ್ಕೆ ಐದಕ್ಕೆ ಇಳಿಸಿತು. ರೈಲು ತುಂಬಿಕೊಂಡೇ ಹೋಯಿತು.

ಸಚಿವರು ಹೇಳಿದ್ದು ಸುಳ್ಳಾಗಿರಲಿಲ್ಲ. ಆದರೆ ಪ್ಲಾಟ್‌ಫಾರ್ಮ್‌ನಲ್ಲಿ ಚೀಲ ಹಿಡಿದು ನಿಂತವರಿಗೆ ಅದನ್ನು ಪರೀಕ್ಷಿಸಿ ನೋಡುವ ದಾರಿ ಇರಲಿಲ್ಲ. ಅದಕ್ಕೆ ಮುಂಚೆ ಅವರ ಜೊತೆ ಯಾರೂ ಅಷ್ಟು ಮಾತಾಡಿಯೂ ಇರಲಿಲ್ಲ. ಅವರನ್ನು ನಿಲ್ಲಿಸುವ ಮಾತು ಬರಬೇಕಿದ್ದದ್ದು ದಿನಾ ಮುಖ ನೋಡುವ ಮನೆ ಮಾಲೀಕರಿಂದ, ಪಕ್ಕದ ಅಂಗಡಿಯವರಿಂದ, ಕೆಲಸ ಕೊಟ್ಟವರಿಂದ.

ನಿಮ್ಮ ಕಟ್ಟಡದಲ್ಲಿ ಎದ್ದೇಳುವುದು ಇದಕ್ಕಿಂತ ತೀರಾ ಸಣ್ಣ ಸುದ್ದಿ. "ಟ್ಯಾಂಕರ್ ನೀರು ಕೊಳಚೆಯಂತೆ", "ಬಿ ಬ್ಲಾಕ್‌ಗೆ ಮಾತ್ರ ಕಾವೇರಿ ಬಿಡ್ತಿದ್ದಾರಂತೆ". "ಗಾಳಿಸುದ್ದಿ ನಂಬಬೇಡಿ" ಎಂದಷ್ಟೇ ಬರೆದರೆ ಗೊತ್ತಿಲ್ಲದವರಿಗೂ ಗೊತ್ತಾಗುತ್ತದೆ, ಅಷ್ಟೇ. ಸುದ್ದಿ ಏನು ಎಂದು ನೇರವಾಗಿ ಹೇಳಿ, ಪರೀಕ್ಷಿಸುವ ದಾರಿ ತೋರಿಸಿ. ಕೊಳಚೆ ಎಂಬ ಮಾತು ಬಂದರೆ ಆ ಟ್ಯಾಂಕರ್ ನೀರಿನ ಮಾದರಿಯನ್ನು ಲ್ಯಾಬ್‌ಗೆ ಕಳಿಸಿ, ವರದಿ ಬರುವವರೆಗೆ ಕುಡಿಯಲು, ಅಡುಗೆಗೆ ಬಳಸಬೇಡಿ ಎಂದು ಹೇಳಿ, ವರದಿ ಬಂದ ಮೇಲೆ ಇಡೀ ಹಾಳೆಯ ಫೋಟೋ ಹಾಕಿ. ಬಿ ಬ್ಲಾಕ್ ಮಾತು ಬಂದರೆ ಎ ಬ್ಲಾಕ್‌ನ ಇಬ್ಬರನ್ನು ಕರೆದುಕೊಂಡು ಹೋಗಿ ವಾಲ್ವ್ ತೋರಿಸಿ, ಅವರೇ ಗ್ರೂಪ್‌ನಲ್ಲಿ ಬರೆಯಲಿ. ನೀವು ಬರೆಯಬೇಡಿ.

ಕೆಲವೊಮ್ಮೆ ಸುದ್ದಿ ನಿಜವೇ ಆಗಿರುತ್ತದೆ. ಆಗ "ಹೌದು" ಎನ್ನುವ ಪದವೇ ಸಂದೇಶದ ಮೊದಲ ಪದವಾಗಿರಲಿ.

ಕೆಲಸದವರನ್ನು ಕೊನೆಗೆ ನೆನೆಯಬೇಡಿ

ಸೆಕ್ಯುರಿಟಿಯವರು, ಹೌಸ್‌ಕೀಪಿಂಗ್‌ನವರು, ಮನೆಕೆಲಸಕ್ಕೆ ಬರುವ ಹೆಂಗಸರು. ನೀರು ಬಂದ್ ಆದಾಗ ಮೊದಲು ಬೀಗ ಬೀಳುವುದು ಇವರು ಬಳಸುವ ಕೆಳಗಿನ ಶೌಚಾಲಯಕ್ಕೆ. ಇದು ತಪ್ಪು ಅಂತ ಹೇಳಬೇಕಾಗಿ ಬಂದಿದೆಯಲ್ಲ! ತಲೆ ಲೆಕ್ಕದಲ್ಲಿ ಇವರ ತಲೆಯೂ ಸೇರಬೇಕು. ಪಾತ್ರೆ ತೊಳೆಯಲು ಎರಡೇ ಬಕೆಟ್ ಎಂದು ಮನೆಯವರು ಹೇಳುವುದಕ್ಕೆ ಮುಂಚೆ, ನೀರು ಯಾಕೆ ಕಡಿಮೆ ಇದೆ ಎಂದು ಗೇಟ್‌ನಲ್ಲೇ ಅವರಿಗೆ ತಿಳಿಸಿ. ಅವರ ಬಡಾವಣೆಯಲ್ಲಿ ನೀರು ಬಂದು ಇನ್ನೂ ಎಷ್ಟು ದಿನವಾಯಿತೋ. ಕಟ್ಟಡದ ನಿಜವಾದ ಸ್ಥಿತಿ ಎಲ್ಲರಿಗಿಂತ ಮುಂಚೆ ಗೊತ್ತಿರುವುದೂ ಇವರಿಗೇ. ಮೋಟರ್ ಸದ್ದು ಬದಲಾಗಿದೆ ಎಂದು ಗಾರ್ಡ್ ಹೇಳಿದರೆ ಕೇಳಿಸಿಕೊಳ್ಳಿ.

ಗಡಿಬಿಡಿಯಲ್ಲಿ ಒಂದು ಅಪಾಯದ ಕೆಲಸ ನಡೆಯುತ್ತದೆ. ಸಂಪ್ ಹೇಗೂ ಖಾಲಿ ಇದೆ, ಕ್ಲೀನ್ ಮಾಡಿಸಿಬಿಡೋಣ ಎಂದು ಯಾರನ್ನೋ ಒಳಗೆ ಇಳಿಸುವುದು. ಇಲ್ಲವೇ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕ, ಕಟ್ಟಿಕೊಂಡಿದೆ ಎಂದು ಅಲ್ಲಿಗೆ ಇಳಿಸುವುದು. ಮುಚ್ಚಿದ ಗುಂಡಿಯಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ. ಕೊಳಚೆ ಗುಂಡಿಯಲ್ಲಿ ವಿಷಗಾಳಿಯೂ ಇರುತ್ತದೆ. ಒಬ್ಬರು ಬಿದ್ದರೆ ಎತ್ತಲು ಇಳಿದವರೂ ಹೋಗುತ್ತಾರೆ. ರಕ್ಷಣಾ ಸಲಕರಣೆ ಇಲ್ಲದೆ ಒಳಚರಂಡಿಗೆ, ಮಲಗುಂಡಿಗೆ ಮನುಷ್ಯರನ್ನು ಇಳಿಸುವುದು 2013ರ ಕಾಯ್ದೆ ಪ್ರಕಾರ ಅಪರಾಧ. ಅರ್ಜೆಂಟ್ ಇದೆ ಎಂದು ಯಾರೇ ಒತ್ತಾಯ ಮಾಡಿದರೂ "ಇಲ್ಲ" ಎನ್ನಬೇಕಾದವರು ನೀವೇ. ಕೋಲಿನಿಂದ ಅಳೆಯುವುದೂ ಮೇಲಿನಿಂದಲೇ. ಮಕ್ಕಳು ಹತ್ತಿರ ಇರಬಾರದು, ಅಳತೆ ಮುಗಿದ ಕೂಡಲೇ ಮುಚ್ಚಳ ಹಾಕಬೇಕು.

ಹೇಳಿದ್ದು ತಪ್ಪಾದಾಗ

ಅರ್ಧ ಮಾಹಿತಿ ಇಟ್ಟುಕೊಂಡು ನಿರ್ಧಾರ ಮಾಡಬೇಕಾಗುತ್ತದೆ. ಕೆಲವು ತಪ್ಪಾಗುತ್ತವೆ. ಹಾಗಾಗಿ ಪ್ರತಿ ನಿರ್ಧಾರಕ್ಕೂ ಒಂದು ಕೊನೆಯ ದಿನ ಇಡಿ. "ಗುರುವಾರ ಸಂಜೆವರೆಗೆ ದಿನಕ್ಕೆ ಎರಡು ಹೊತ್ತು ನೀರು. ಗುರುವಾರ ಮತ್ತೆ ನೋಡೋಣ." ಆಗ ಬದಲಾಯಿಸಿದರೆ ಮಾತು ತಪ್ಪಿದಂತೆ ಕಾಣುವುದಿಲ್ಲ, ಮಾತಿನಂತೆ ಮತ್ತೆ ನೋಡಿದಂತೆ ಆಗುತ್ತದೆ.

ತಪ್ಪನ್ನು ಹೇಗೆ ಹೇಳಬೇಕು ಎನ್ನುವುದಕ್ಕೆ ನಮ್ಮೂರಿನದ್ದೇ ಒಂದು ಉದಾಹರಣೆ ಇದೆ. 2019ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಇಳಿಯುವಾಗ ಸಂಪರ್ಕ ಕಡಿದುಹೋಯಿತು. ಪೀಣ್ಯದಲ್ಲಿರುವ ಇಸ್ರೋದ ನಿಯಂತ್ರಣ ಕೇಂದ್ರ ಇಸ್ಟ್ರಾಕ್‌ನಿಂದ ಇಡೀ ದೇಶ ನೇರ ಪ್ರಸಾರ ನೋಡುತ್ತಿತ್ತು. 2023ರ ಜುಲೈನಲ್ಲಿ, ಚಂದ್ರಯಾನ-3 ಹಾರುವುದಕ್ಕೆ ಮುಂಚೆ, ಇಸ್ರೋ ಅಧ್ಯಕ್ಷ ಎಸ್. ಸೋಮನಾಥ್ ಹಿಂದಿನ ಸಲ ಏನಾಗಿತ್ತು ಎಂದು ಬಿಡಿಸಿ ಹೇಳಿದರು. ಎಂಜಿನ್‌ಗಳು ಅಂದುಕೊಂಡದ್ದಕ್ಕಿಂತ ಜಾಸ್ತಿ ಬಲ ಕೊಟ್ಟವು, ತಪ್ಪುಗಳು ಒಂದರ ಮೇಲೊಂದು ಸೇರಿದವು, ಲ್ಯಾಂಡರ್‌ಗೆ ಬೇಕಾದಷ್ಟು ಬೇಗ ತಿರುಗಲು ಆಗಲಿಲ್ಲ, ಇಳಿಯಲು ಗುರುತಿಸಿದ್ದ ಜಾಗ 500 ಮೀಟರ್ ಉದ್ದ, 500 ಮೀಟರ್ ಅಗಲ ಮಾತ್ರ ಇತ್ತು. ಈ ಸಲ ಆ ಜಾಗವನ್ನು ಸುಮಾರು 4 ಕಿ.ಮೀ. ಉದ್ದ, 2.5 ಕಿ.ಮೀ. ಅಗಲಕ್ಕೆ ಹಿಗ್ಗಿಸಿದ್ದೇವೆ ಎಂದರು. ಏನೇನು ಕೆಡಬಹುದು ಎಂದು ಮೊದಲೇ ಲೆಕ್ಕ ಹಾಕಿ ಈ ಸಲ ವಿನ್ಯಾಸ ಮಾಡಿದ್ದೇವೆ ಎಂದೂ ಹೇಳಿದರು. ಆಗಸ್ಟ್ 23ಕ್ಕೆ ಲ್ಯಾಂಡರ್ ಇಳಿಯಿತು.

ಅವರು ಗೆದ್ದ ಮೇಲೆ ಹೇಳಲಿಲ್ಲ, ಹಾರುವುದಕ್ಕೆ ಮುಂಚೆಯೇ ಹೇಳಿದರು. ನೀವೂ ಇದೇ ಸಾಲಿನಲ್ಲಿ ಬರೆಯಿರಿ. ಏನಾಯಿತು, ಯಾಕೆ, ಈಗ ಏನು ಬದಲಾಗಿದೆ. "ಬೆಳಿಗ್ಗೆ ಮೂರು ಟ್ಯಾಂಕರ್ ಬರುತ್ತವೆ ಅಂದಿದ್ದೆವು, ಎರಡು ಬಂದವು. ಒಬ್ಬನೇ ಸಪ್ಲೈಯರ್‌ನನ್ನು ನೆಚ್ಚಿಕೊಂಡಿದ್ದೆವು. ನಾಳೆಯಿಂದ ಇಬ್ಬರಿಗೆ ಹೇಳಿದ್ದೇವೆ." ನಡುವೆ ನಿಮ್ಮ ನಿದ್ದೆಗೆಟ್ಟ ಕಥೆ, ಕಮಿಟಿಯವರ ತ್ಯಾಗ ಯಾವುದೂ ಬೇಡ.

ಆಫೀಸು ನಡೆಸುವವರಿಗೆ ಎರಡು ಮಾತು

ಸಂಬಳ ತಡವಾಗುವ ತಿಂಗಳು, ದೊಡ್ಡ ಗಿರಾಕಿ ಕೈಬಿಟ್ಟ ವಾರ, ಇಲ್ಲೂ ನಡೆಯುವುದು ಇದೇ. "ಎಲ್ಲ ಸರಿ ಇದೆ, ಕೆಲಸದ ಕಡೆ ಗಮನ ಕೊಡಿ" ಎಂದು ಮ್ಯಾನೇಜರ್ ಹೇಳಿದ ಸಂಜೆಯೇ ಅರ್ಧ ಟೀಮ್ ಬಯೋಡೇಟಾ ಸರಿ ಮಾಡಿಕೊಳ್ಳುತ್ತದೆ. ಬ್ಯಾಂಕ್‌ನಲ್ಲಿ ಎಷ್ಟು ತಿಂಗಳ ಸಂಬಳಕ್ಕೆ ಹಣ ಇದೆ ಎಂದು ಹೇಳಬಹುದಾದರೆ ಹೇಳಿ. ಹೇಳಲಾಗದಿದ್ದರೆ, ಯಾವ ದಿನ ಹೇಳುತ್ತೀರಿ ಎಂದು ಹೇಳಿ. ಸಂಬಳ ಕಡಿತ ಆಗುವುದಾದರೆ ಮೊದಲು ನಿಮ್ಮದು, ಅದೂ ಎಲ್ಲರಿಗಿಂತ ಜಾಸ್ತಿ. ಕೆಲಸದಿಂದ ತೆಗೆಯಲೇಬೇಕಾದರೆ ಒಂದೇ ಸಲ ಮುಗಿಸಿ. ಪ್ರತಿ ಶುಕ್ರವಾರ ಇಬ್ಬರಂತೆ ಕಳಿಸಿದರೆ ಉಳಿದವರು ಸೋಮವಾರದಿಂದಲೇ ಶುಕ್ರವಾರಕ್ಕೆ ಹೆದರುತ್ತಾರೆ.

ನೀರು ಬಂದ ಮೇಲೆ

ಕಾವೇರಿ ಬಂತು, ಸಂಪ್ ತುಂಬಿತು. ಇನ್ನು ಕಮಿಟಿಯವರು ಮಲಗಿಬಿಡುತ್ತಾರೆ. ಸ್ವಲ್ಪ ತಾಳಿ.

ಒಂದು ವಾರದೊಳಗೆ ಸಭೆ ಕರೆದು ಲೆಕ್ಕ ಒಪ್ಪಿಸಿ. ಎಷ್ಟು ಟ್ಯಾಂಕರ್, ಎಷ್ಟು ಲೀಟರ್, ಎಷ್ಟು ಹಣ, ಸಂಘದ ಮೀಸಲು ಹಣದಿಂದ (ಕಾರ್ಪಸ್ ಫಂಡ್) ಎಷ್ಟು ತೆಗೆದಿರಿ. ತುರ್ತು ಎಂದು ಸಭೆ ಇಲ್ಲದೆ ಖರ್ಚು ಮಾಡುವ ಅಧಿಕಾರ ತೆಗೆದುಕೊಂಡಿದ್ದರೆ ಅದೇ ಸಭೆಯಲ್ಲಿ ವಾಪಸ್ ಕೊಡಿ. ವಾಪಸ್ ಕೊಟ್ಟಿದ್ದೇವೆ ಎಂದು ನಡಾವಳಿ ಪುಸ್ತಕದಲ್ಲಿ ಬರೆಸಿ. ಇದನ್ನು ಮಾಡದ ಕಮಿಟಿಗೆ ಮುಂದಿನ ಸಲ ಆ ಅಧಿಕಾರ ಯಾರೂ ಕೊಡುವುದಿಲ್ಲ.

ಕಷ್ಟದ ದಿನಗಳಲ್ಲಿ ಮಾಡುತ್ತೇವೆ ಅಂದದ್ದನ್ನೆಲ್ಲ ಪಟ್ಟಿ ಮಾಡಿ, ಪಕ್ಕದಲ್ಲಿ ದಿನಾಂಕ ಹಾಕಿ. ಮಳೆನೀರು ಸಂಗ್ರಹದ ಪೈಪು ಸರಿ ಮಾಡಿಸುವುದು, ನಲ್ಲಿಗಳಿಗೆ ನೀರಿನ ಹರಿವು ಕಡಿಮೆ ಮಾಡುವ ಏರೇಟರ್ ಹಾಕಿಸುವುದು, ಎಸ್‌ಟಿಪಿ ನೀರನ್ನು ಗಿಡಕ್ಕೆ, ಫ್ಲಷ್‌ಗೆ ತಿರುಗಿಸುವುದು, ಮನೆ ಮನೆಗೆ ಮೀಟರ್. ಮೊದಲು ಮೀಟರ್ ಹಾಕಿಸಿ ಎಂಬುದು ನನ್ನ ಸಲಹೆ. ತಮ್ಮ ಮನೆಗೆ ಎಷ್ಟು ಖರ್ಚಾಗುತ್ತಿದೆ ಎಂದು ಕಾಣದವರ ಹತ್ತಿರ ಉಳಿತಾಯದ ಮಾತಾಡಿ ಪ್ರಯೋಜನವಿಲ್ಲ.

ಕೊನೆಗೆ ಒಂದು ಫೈಲ್ ಕಟ್ಟಿ. ಯಾವ ವಾಲ್ವ್ ಯಾವ ಸಾಲಿಗೆ ಎಂಬ ನಕ್ಷೆ, ಸಂಪ್‌ನ ಅಳತೆ, ಮೂವರು ಟ್ಯಾಂಕರ್‌ನವರ ನಂಬರ್, ಅವರಲ್ಲಿ ಯಾರು ಅಳತೆ ಸರಿ ಕೊಟ್ಟರು ಎಂಬ ಟಿಪ್ಪಣಿ, ಮೋಟರ್ ರಿಪೇರಿಯವರ ನಂಬರ್, ವಾರ್ಡಿನ ಜಲಮಂಡಳಿ ಎಂಜಿನಿಯರ್ ಕಚೇರಿ ಎಲ್ಲಿದೆ ಎಂಬ ವಿವರ, ನೀರಿಗೆ 1916, ಕರೆಂಟ್‌ಗೆ 1912, ತುರ್ತಿಗೆ 112. ಮೊದಲ ಗಂಟೆಯ ಸಂದೇಶದ ಮಾದರಿಯೂ ಅದರಲ್ಲಿ ಇರಲಿ, ಮುಂದಿನ ಸೆಕ್ರೆಟರಿ ಹೊತ್ತು, ಅಂಕಿ ಬದಲಾಯಿಸಿದರೆ ಸಾಕು. ಇಂಥ ಫೈಲ್ ಸಾಮಾನ್ಯವಾಗಿ ಸೆಕ್ರೆಟರಿ ಮನೆಯ ಬೀರುವಿನಲ್ಲಿ ಇರುತ್ತದೆ, ಅವರು ಊರಿಗೆ ಹೋದಾಗಲೇ ಪೈಪು ಒಡೆಯುತ್ತದೆ. ಒಂದು ಪ್ರತಿ ಸೆಕ್ಯುರಿಟಿ ಕ್ಯಾಬಿನ್‌ನಲ್ಲಿ ಇಡಿ. ರಾತ್ರಿ ಎರಡಕ್ಕೆ ಎದ್ದಿರುವವರು ಗಾರ್ಡ್ ಒಬ್ಬರೇ.